ಬೋರಲು ಮಲಗಿದ ಅತ್ತೆಗೆ ಹೇಳಿದ ಕಥೆ

ಎರಡು ವರ್ಷದ ಹಿಂದಿನ ಮಾತು. ದೀಪಾವಳಿ ಕಳೆದು ವಾರವಾಗಿತ್ತು. ನನ್ನ ಗಂಡ ಸ್ಟೂಲು ಹತ್ತಿ ಜಗಲಿಯ ಗೂಡುದೀಪ ಇಳಿಸುತ್ತಿದ್ದರು. ನಾನು ಕೆಳಗೆ ನಿಂತು, ಬಹಳ ದಿನದಿಂದ ಮನಸ್ಸಿನಲ್ಲೇ ಇಟ್ಟುಕೊಂಡಿದ್ದ ಮಾತನ್ನು ಹೇಳಿಬಿಟ್ಟೆ.

"ನಾನ್ ಇನ್ನ್ ಕಥೆ ಬರಿಯುದಿಲ್ಲೆ. ಶಾಲೆ ಕೆಲ್ಸಕ್ಕೆ ಸೇರ್ಕಂತೆ."

"ಮೊದ್ಲ್ ಸ್ಟೂಲ್ ಹಿಡ್ಕೊ ಮರಾಯ್ತಿ, ಆಮೇಲೆ ಮಾತಾಡ್ವ" ಎಂದರು ಇವರು.

ನಮ್ಮದು ಬ್ರಹ್ಮಾವರ. ಇವರಿಗೆ ಪಂಪ್‌ಸೆಟ್ ರಿಪೇರಿಯ ಅಂಗಡಿ ಇದೆ. ನಾನು ಮನೆಯಲ್ಲೇ ಕುಳಿತು ಟಿ.ವಿ. ಧಾರಾವಾಹಿಗಳಿಗೆ ಸಂಭಾಷಣೆ ಬರೆಯುತ್ತೇನೆ. ಕಥೆ ಯಾರೋ ಮಾಡಿರುತ್ತಾರೆ, ದೃಶ್ಯ ಇನ್ಯಾರೋ ಜೋಡಿಸಿರುತ್ತಾರೆ. ಇಂಥವಳು ಅಳಬೇಕು, ಇಂಥವನು ಬೈಯಬೇಕು ಎಂದು ಫೋನಿಗೆ ಬರುತ್ತದೆ. ಅಳುವ ಮಾತು, ಬೈಯುವ ಮಾತು ತುಂಬಿಸಿ ಕಳಿಸುವುದು ನನ್ನ ಕೆಲಸ. ಅದರಲ್ಲಿ ನನಗೆ ಕೈ ಕುದುರಿತ್ತು. ಆದರೆ ಸಿನಿಮಾಕ್ಕೆ ನನ್ನದೇ ಒಂದು ಚಿತ್ರಕಥೆ ಬರೆಯಬೇಕು ಎಂಬ ಆಸೆ ಕಾಲೇಜಿನ ದಿನಗಳಿಂದಲೂ ಇತ್ತು. ಅಡಿಗೆ, ಮನೆ, ಧಾರಾವಾಹಿ ಎಲ್ಲದರ ನಡುವೆ ವರ್ಷಗಟ್ಟಲೆ ಕುಳಿತು ಅದನ್ನು ಬರೆದು ಮುಗಿಸಿದ್ದೆ.

ಆ ವರ್ಷ ನವರಾತ್ರಿಯ ಹೊತ್ತಿಗೆ ನಮ್ಮ ಕಡೆಯವರೇ ಆದ ಒಬ್ಬ ಯುವ ನಿರ್ದೇಶಕರು ಕಥೆ ಹುಡುಕುತ್ತಿದ್ದಾರೆ ಎಂದು ತಿಳಿಯಿತು. ಕುಂದಾಪುರದ ಒಂದು ಹೋಟೆಲಿನಲ್ಲಿ ಕುಳಿತು ಅವರಿಗೆ ಇಡೀ ಕಥೆ ಹೇಳಿದೆ. ತರಿಸಿದ್ದ ಗೋಳಿಬಜೆ ತಣ್ಣಗಾಗುವವರೆಗೂ ಪಾಪ ಕೇಳಿದರು. ಆಮೇಲೆ, "ಮೇಡಂ, ಚೆನ್ನಾಗಿ ಕಟ್ಟಿದ್ದೀರಿ. ಎಲ್ಲಿ ತಿರುವು ಬೇಕೋ ಅಲ್ಲಿ ತಿರುವಿದೆ. ಆದರೆ ಇಷ್ಟು ಹೊತ್ತು ಕೇಳಿದ ಮೇಲೂ ಇದರಲ್ಲಿ ನನಗೆ ಒಬ್ಬರ ಪರಿಚಯವೂ ಆಗಲಿಲ್ಲ" ಎಂದರು.

ಅವರು ನೋಯಿಸಬೇಕೆಂದು ಹೇಳಿದ್ದಲ್ಲ. ಅದಕ್ಕೇ ಹೆಚ್ಚು ನೋವಾಯಿತು. ಬಸ್ಸಿನಲ್ಲಿ ಕೋಟೇಶ್ವರ ದಾಟಿ, ಕೋಟ ದಾಟಿ, ಸಾಲಿಗ್ರಾಮ ದಾಟಿ ಬರುವಾಗ ನನ್ನ ಕಥೆಯ ನಾಯಕಿಯ ಮುಖ ನೆನಪಿಸಿಕೊಳ್ಳಲು ನೋಡಿದೆ. ಬರಲಿಲ್ಲ. ಧಾರಾವಾಹಿಯವರೆಲ್ಲ ಸೇರಿಕೊಂಡು ಒಂದೇ ಮುಖವಾಗಿ ಕಾಣುತ್ತಿದ್ದರು. ನನಗೆ ಇದು ಕೂಡಿಬರುವ ಕೆಲಸವಲ್ಲ ಎಂದುಕೊಂಡೆ. ಹತ್ತಿರದ ಒಂದು ಶಾಲೆಯಲ್ಲಿ ಕನ್ನಡ ಟೀಚರು ಬೇಕಾಗಿದ್ದರು. ನನ್ನದು ಬಿ.ಎಡ್. ಆಗಿತ್ತು. ಮುಂದಿನ ತಿಂಗಳು ಬರುತ್ತೇನೆ ಎಂದು ಅವರಿಗೆ ಬಾಯಿಮಾತಿನಲ್ಲಿ ಹೇಳಿಯೂ ಆಗಿತ್ತು.

ಗೂಡುದೀಪ ಇಳಿಸಿದ ಮರುದಿನವೇ ಬೈಂದೂರಿನಿಂದ ಗಿರಿಜತ್ತೆಯ ಫೋನು ಬಂತು.

"ಸುಮಾ, ನನ್ನ್ ಬಲ್ಗಣ್ಣಿಗೆ ಯಾರೋ ಕಪ್ಪ್ ಪರ್ದೆ ಎಳ್ದಾಂಗ್ ಕಾಣ್ತ್ ಮಗಾ. ಬೆಳಿಗ್ಗೆ ಒಂಚೂರ್ ಇದ್ದಿತ್ತ್. ಈಗ್ಳ್ ಅರ್ಧ ಆಯ್ತ್."

ಗಿರಿಜತ್ತೆ ನನ್ನ ಅಪ್ಪನ ತಂಗಿ. ಮದುವೆಯಾದವರಲ್ಲ. ಬೈಂದೂರಿನಲ್ಲಿ ಅವರದೊಂದು ಪುಟ್ಟ ಟೈಲರಿಂಗ್ ಅಂಗಡಿ. ರವಿಕೆ ಹೊಲಿಯುವುದರಲ್ಲಿ ಅವರ ಹೆಸರು ದೊಡ್ಡದು. ಅಂಗಡಿಗೆ ಬಂದವರು ರವಿಕೆ ಕೊಟ್ಟು ಹೋಗುವುದಕ್ಕಿಂತ ಅಲ್ಲಿನ ಸ್ಟೂಲಿನ ಮೇಲೆ ಕುಳಿತು ಮನೆಯ ಸುದ್ದಿ ಹೇಳಿ ಹೋಗುವುದೇ ಹೆಚ್ಚು. ಅವರ ಎಡಗಣ್ಣಿಗೆ ಚಿಕ್ಕಂದಿನಲ್ಲಿ ಚಿಣ್ಣಿದಾಂಡು ಆಡುವಾಗ ಚಿಣ್ಣಿ ತಾಗಿ ಬೆಳಕು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಅಷ್ಟು ವರ್ಷ ಸೂಜಿಗೆ ದಾರ ಹಾಕಿದ್ದು, ದುಡಿದದ್ದು, ತಿಂದದ್ದು, ಎಲ್ಲ ಆ ಒಂದು ಬಲಗಣ್ಣಿನಿಂದ. ಈಗ ಪರದೆ ಬಿದ್ದದ್ದು ಅದಕ್ಕೇ.

ಕಣ್ಣಿನ ಆಸ್ಪತ್ರೆಯ ಡಾಕ್ಟರು ನೋಡಿ, ಕಣ್ಣಿನ ಒಳಗಿನ ರೆಟಿನಾ ಗೋಡೆಯಿಂದ ಕಳಚಿಕೊಂಡಿದೆ, ತಡ ಮಾಡುವ ಹಾಗಿಲ್ಲ ಎಂದರು. ಕೂಡಲೇ ಆಪರೇಷನ್ ಆಯಿತು. ಆಮೇಲೆ ಡಾಕ್ಟರು ನನ್ನನ್ನು ಕರೆದು ಕೂರಿಸಿ ಹೇಳಿದರು: "ಕಣ್ಣಿನ ಒಳಗೆ ಗ್ಯಾಸಿನ ಗುಳ್ಳೆ ಬಿಟ್ಟಿದ್ದೇವೆ. ಅದು ಮೇಲಕ್ಕೇರಿ ರೆಟಿನಾವನ್ನು ಒತ್ತಿ ಹಿಡಿಯಬೇಕು. ಹಾಗಾಗಬೇಕಾದರೆ ಇವರ ಮುಖ ಕೆಳಗೇ ಇರಬೇಕು. ಮಲಗುವಾಗ ಬೋರಲು, ಕೂರುವಾಗ ತಲೆ ತಗ್ಗಿಸಿ, ಬಾತ್‌ರೂಮಿಗೆ ಹೋಗುವಾಗಲೂ ನೆಲ ನೋಡಿಕೊಂಡೇ. ಮುಂದಿನ ಸಲ ನಾನು ನೋಡಿ ಸಾಕು ಎನ್ನುವವರೆಗೆ. ಇರುವುದು ಇದೊಂದೇ ಕಣ್ಣು, ನಿಮಗೆ ಗೊತ್ತಲ್ಲ."

ನನ್ನ ಮನೆಗೆ ಬನ್ನಿ ಎಂದು ಎಷ್ಟು ಹೇಳಿದರೂ ಅತ್ತೆ ಒಪ್ಪಲಿಲ್ಲ. "ಕವ್ಚಿ ಬೀಳೂದಾರೆ ನನ್ನ್ ಮನೀಲೇ ಬೀಳ್ತೆ" ಎಂದರು. ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ಅವರ ಹಣೆಯನ್ನು ನನ್ನ ತೊಡೆಯ ಮೇಲಿನ ದಿಂಬಿಗೆ ಒರಗಿಸಿಕೊಂಡು ಬೈಂದೂರಿಗೆ ಬಂದೆವು. ಇವರು ಒಂದು ರಾತ್ರಿ ನಮ್ಮ ಜೊತೆ ಇದ್ದು ಮಾರನೆಯ ದಿನ ರೈಲಿನಲ್ಲಿ ಬ್ರಹ್ಮಾವರಕ್ಕೆ ಹೊರಟರು. ಅತ್ತೆಯ ಹತ್ತಿರ ಪಕ್ಕದ ಮನೆಯ ಲಲಿತಕ್ಕನನ್ನು ಕೂರಿಸಿ, ಇವರನ್ನು ಕಳಿಸಲು ನಾನೂ ಸ್ಟೇಷನ್ನಿಗೆ ಹೋಗಿ ಬಂದೆ.

ಅಲ್ಲಿಂದ ಮುಂದೆ ಆ ಮನೆಯಲ್ಲಿ ನಾವಿಬ್ಬರೇ.

ಮೊದಲ ದಿನ ಇಬ್ಬರಿಗೂ ನಗುವೇ ಆಯಿತು. ಅತ್ತೆ ಮಂಚದ ತುದಿಯಲ್ಲಿ ದಿಂಬು ಪೇರಿಸಿಕೊಂಡು ಕವುಚಿ ಮಲಗಿ, ಕೆಳಗೆ ಹಿಡಿದ ಲೋಟದಿಂದ ಎಳನೀರು ಕುಡಿಯುವ ಸ್ಟ್ರಾದಲ್ಲಿ ಚಹಾ ಹೀರಿದರು. "ನಂಗೆ ಚಾ ಕುಡ್ದಾಂಗೇ ಆಯ್ಲಿಲ್ಲೆ. ಸೊಳ್ಳೆ ರಕ್ತ ಹೀರ್ದಾಂಗಾಯ್ತ್" ಎಂದರು. ಬಂದವರ ಹೆಜ್ಜೆಯ ಸದ್ದು ಕೇಳಿಯೇ ಇಂಥವರೆಂದು ಗುರುತು ಹಿಡಿದು ಮಾತಾಡಿಸಿದರು. ಎರಡನೆಯ ದಿನಕ್ಕೆ ನಗು ಕಡಿಮೆಯಾಯಿತು. ಕುತ್ತಿಗೆ ನೋವು, ಸೊಂಟ ನೋವು, ಎದೆ ಒತ್ತಿದ ಹಾಗೆ. ದಿನವಿಡೀ ನಾಲ್ಕು ಜನರ ಮುಖ ನೋಡಿ ಮಾತಾಡಿ ಬದುಕಿದ ಜೀವ ಅದು. ಈಗ ಕಾಣುವುದು ರೆಡ್‌ಆಕ್ಸೈಡ್ ನೆಲದ ಮಸುಕು ಕೆಂಪು ಮಾತ್ರ. ಟಿ.ವಿ. ಹಾಕಿದರೆ ತಲೆ ಮೆಲ್ಲನೆ ಅತ್ತ ತಿರುಗುತ್ತಿತ್ತು. ಅದಕ್ಕೆ ಟಿ.ವಿ.ಯನ್ನೂ ಬಂದ್ ಮಾಡಿದೆ.

"ಹಂಗಾರೆ ನೀನೇ ಒಂದ್ ಕಥೆ ಹೇಳ್ ಕಾಂಬ. ಕಥೆ ಬರಿಯುಕೇ ಅಲ್ದಾ ನಿಂಗೆ ಸಂಬ್ಳ ಕೊಡೂದ್?" ಎಂದರು ಅತ್ತೆ.

ನಾನು ಬರೆಯುತ್ತಿದ್ದ ಧಾರಾವಾಹಿಯ ಮುಂದಿನ ಭಾಗವನ್ನು, ಇನ್ನೂ ಪ್ರಸಾರವಾಗದ್ದನ್ನು, ಹೇಳತೊಡಗಿದೆ. ಅತ್ತೆ ಅರ್ಧ ಕೇಳಿ, "ಸೊಸಿ ಪಾಯಸಕ್ಕೆ ನಾದ್ನಿ ಎಂತದೋ ಬೆರ್ಸ್ತ್, ಅದನ್ನ್ ನಾದ್ನಿ ಗಂಡನೇ ಕುಡಿತ, ಅಲ್ದಾ?" ಎಂದರು. ಹಾಗೆಯೇ ಇತ್ತು. ಆಮೇಲೆ ಧೈರ್ಯ ಮಾಡಿ ನನ್ನ ಸಿನಿಮಾದ ಚಿತ್ರಕಥೆ ಹೇಳಿದೆ. ಇಂಟರ್‌ವಲ್ಲಿಗೆ ಬರುವಷ್ಟರಲ್ಲಿ ಅತ್ತೆ ಗೊರಕೆ ಹೊಡೆಯುತ್ತಿದ್ದರು. ಬೋರಲು ಮಲಗಿ ನಿದ್ದೆಯೇ ಬರುವುದಿಲ್ಲ ಎಂದು ಬೆಳಿಗ್ಗೆಯಿಂದ ಗೋಗರೆದವರು! ನನಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ನಿರ್ದೇಶಕರು ಹೇಳಿದ್ದು ಸರಿ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ಮೂರನೆಯ ದಿನ ಮಧ್ಯಾಹ್ನ. ಗಂಜಿ ಊಟವಾಗಿತ್ತು. ನಾನು ಬಟ್ಟಲು ಎತ್ತುತ್ತಿದ್ದೆ. ಅತ್ತೆ ಒಮ್ಮೆಲೇ ಎರಡೂ ಕೈ ಮಂಚಕ್ಕೆ ಊರಿ ಏಳಲು ಹೊರಟರು.

"ಸಾಕ್ ನಂಗೆ. ಕಣ್ಣ್ ಹೋರೆ ಹೋಯ್ಲಿ. ಹೀಂಗ್ ನೆಲ ಕಾಣ್ತಾ ಬಿದ್ಕಂಬುಕೆ ನನ್ನಿಂದ ಆತಿಲ್ಲೆ!"

"ಅತ್ತೆ, ಮಂಡೆ ಎತ್ಬೇಡಿ! ಡಾಕ್ಟ್ರ್ ಎಂತ ಹೇಳಿರ್?" ನಾನು ಬಟ್ಟಲು ಬಿಟ್ಟು ಓಡಿ ಅವರ ಹೆಗಲು ಹಿಡಿದೆ. ಅವರು ನನ್ನ ಕೈ ಕೊಡವಿದರು. ಹೊಲಿಗೆ ಮೆಷಿನ್ ತುಳಿದ ಮೈ, ನನಗಿಂತ ಗಟ್ಟಿ. ತಲೆ ಮೇಲೆ ಬರುತ್ತಿತ್ತು. ಬೈದರೆ ಕೇಳುವವರಲ್ಲ, ಬೇಡಿಕೊಂಡರೆ ಇನ್ನೂ ಹಟ. ಏನು ಮಾಡುವುದೆಂದು ತೋಚದೆ ಬಾಯಿಗೆ ಬಂದದ್ದನ್ನು ಹೇಳಿದೆ.

"ಅತ್ತೆ, ಮೊನ್ನೆ ಸ್ಟೇಷನಲ್ ಒಂದ್ ಹೆಂಗ್ಸನ್ನ ಕಂಡೆ. ಮುಂಬೈ ರೈಲಿಂದ ಒಂದೇ ಇಳ್ದಿತ್ತ್. ಕೈಯಲ್ ತೊಟ್ಲ್ ಇದ್ದಿತ್ತ್."

ಅತ್ತೆಯ ಕೈ ನಿಂತಿತು. "ಮಗು ಎಲ್ಲಿತ್ತ್?"

"ಮಗು ಇಲ್ಲೆ. ಬರೀ ತೊಟ್ಲ್."

"ಬರೀ ತೊಟ್ಲಾ? ಬರೀ ತೊಟ್ಲ್ ಹಿಡ್ಕಂಡ್ ಯಾರಾರೂ ಬತ್ರಾ? ಬರೀ ತೊಟ್ಲ್ ತೂಗೂದೂ ಅಪಶಕುನ ಅಂಬ್ರಲೆ." ಹೀಗೆನ್ನುತ್ತಲೇ ಅತ್ತೆ ಹಣೆಯನ್ನು ಮತ್ತೆ ದಿಂಬಿಗಿಟ್ಟರು. "ಹೇಳ್. ಯಾರದ್?"

ಇದರಲ್ಲಿ ಒಂದಿಷ್ಟು ನಿಜವಿತ್ತು. ಇವರನ್ನು ಕಳಿಸಲು ಹೋದ ದಿನ ಆಚೆ ಪ್ಲಾಟ್‌ಫಾರ್ಮಿಗೆ ಮುಂಬೈ ಕಡೆಯಿಂದ ಬಂದ ರೈಲಿನಿಂದ ಅಂಥ ಒಬ್ಬ ಹೆಂಗಸು ಇಳಿದದ್ದನ್ನು ನಾನು ನೋಡಿದ್ದೆ. ಅತ್ತೆಯ ವಯಸ್ಸೇ ಇರಬಹುದು. ಕಳಚಿದ ಮರದ ತೊಟ್ಟಿಲನ್ನು ಹಳೆಯ ಸೀರೆಯಿಂದ ಬಿಗಿದು ಕಟ್ಟಿ ತಂದಿದ್ದರು. ಕಡೆದ ಕಾಲುಗಳು ಸೀರೆಯಿಂದ ಹೊರಗೆ ಕಾಣುತ್ತಿದ್ದವು. ಅವರು ಅದನ್ನು ಬೆಂಚಿಗೆ ಒರಗಿಸಿ ಪಕ್ಕದಲ್ಲಿ ಕುಳಿತರು. ಅಷ್ಟರಲ್ಲಿ ಇವರ ರೈಲು ಅಡ್ಡ ಬಂದು ಅವರು ಮರೆಯಾದರು. ನಾನು ಕಂಡದ್ದು ಅಷ್ಟೇ. ಆದರೆ ಅತ್ತೆ ಕೇಳುತ್ತಿದ್ದಾರೆ, ಯಾರದು ಎಂದು.

"ನಾನ್ ಹೋಯಿ ಮಾತಾಡ್ಸಿದೆ. ಹೆಸ್ರ್ ವಾರಿಜ ಅಂಬ್ರ್" ಎಂದೆ.

"ಎಲ್ಲಿಗ್ ಹೋಪುದಂಬ್ರ್?"

"ಉಪ್ಪುಂದದ್ ಬದಿಗೆ. ತಂಗಿ ಮನೆಗೆ."

"ಉಪ್ಪುಂದದಲ್ ಯಾರ್ ಮನಿ?"

ಉಪ್ಪುಂದದ ಅರ್ಧ ಜನ ಅತ್ತೆಯ ಗಿರಾಕಿಗಳು ಎಂಬುದು ಆಗ ನೆನಪಾಯಿತು. "ಅದನ್ನ್ ಕೇಣ್ಲಿಲ್ಲೆ ಅತ್ತೆ. ಸಮುದ್ರದ್ ಬದೀಲಂಬ್ರ್" ಎಂದು ಜಾರಿಕೊಂಡೆ.

ಹೀಗೆ ಶುರುವಾಯಿತು. ಹೇಳುತ್ತ ಹೇಳುತ್ತ ನನಗೇ ಗೊತ್ತಿಲ್ಲದ್ದು ಬರುತ್ತ ಹೋಯಿತು. ವಾರಿಜಳ ಅಪ್ಪ ಬಡಗಿ. ಆ ತೊಟ್ಟಿಲು ಮಾಡಿದ್ದು ಅವನೇ. ಅಕ್ಕತಂಗಿಯರಿಬ್ಬರೂ ಅದರಲ್ಲೇ ಮಲಗಿ ಬೆಳೆದವರು. ಹಿರಿಯವಳೆಂದು ವಾರಿಜಳ ಮದುವೆಯಲ್ಲಿ ತೊಟ್ಟಿಲನ್ನು ಅವಳಿಗೆ ಕೊಟ್ಟರು. ಅದು ಅವಳ ಜೊತೆ ಮುಂಬೈಗೆ ಹೋಯಿತು. ಅಲ್ಲಿ ಒಂದೇ ಕೋಣೆಯ ಮನೆ. ತೊಟ್ಟಿಲು ಕಳಚಿ ಅಟ್ಟದಲ್ಲಿಟ್ಟರು, ಬೇಕಾದಾಗ ಇಳಿಸಿದರಾಯಿತೆಂದು. ಬೇಕಾಗುವ ದಿನ ಬರಲೇ ಇಲ್ಲ.

ಅತ್ತೆ ಸುಮ್ಮನೆ ಕೇಳುವವರಲ್ಲ. ಅದು (ನಮ್ಮ ಕಡೆ ಹೆಂಗಸರ ಬಗ್ಗೆ ಹೇಳುವುದೇ ಹೀಗೆ) ಯಾವ ಬಣ್ಣದ ಸೀರೆ ಉಟ್ಟಿತ್ತು, ರೈಲಿನಲ್ಲಿ ಏನು ತಿಂದಿತ್ತು, ಅಷ್ಟು ಭಾರವನ್ನು ರೈಲಿಗೆ ಹತ್ತಿಸಿದ್ದು ಯಾರು, ಗಂಡ ಇದ್ದಾನೋ ಇಲ್ಲವೋ, ಎಲ್ಲವೂ ಬೇಕು. ಧಾರಾವಾಹಿಗೆ ಬರೆಯುವಾಗ ನನ್ನ ಪಾತ್ರಗಳಿಗೆ ಹಸಿವಾಗುತ್ತಿರಲಿಲ್ಲ, ಕಾಲು ನೋಯುತ್ತಿರಲಿಲ್ಲ. ಈಗ ವಾರಿಜ ಬಸ್ಸು ಕಾಯುತ್ತ ನಿಂತಿದ್ದಾಳೆ ಎಂದರೆ, "ನೀರಾರೂ ಕುಡಿತಾ ಅದ್?" ಎಂದು ಅತ್ತೆ ಕೇಳುತ್ತಿದ್ದರು. ಕುಡಿಯಿತು ಎಂದರೆ ಎಲ್ಲಿ, ಯಾರು ಕೊಟ್ಟರು ಎಂಬುದೂ ಬೇಕು. ಉತ್ತರ ಕೊಡಲಿಕ್ಕಾಗಿ ನಾನು ಆ ಹೆಂಗಸಿನ ಹಿಂದೆಯೇ ನಡೆಯಬೇಕಾಯಿತು.

ಇನ್ನೊಂದು ಕಷ್ಟವಿತ್ತು. ನನಗೆ ಕೇಳುವವರ ಮುಖ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ಅತ್ತೆಯ ಬಿಳಿಜಡೆ, ಬೆನ್ನು, ಮಂಚದ ಆಚೆ ತುದಿಯ ಎರಡು ಪಾದಗಳು. ಒಂದೆರಡು ದಿನದಲ್ಲಿ ಆ ಪಾದಗಳ ಭಾಷೆ ನನಗೆ ಅರ್ಥವಾಗತೊಡಗಿತು. ಬೇಸರ ಬಂದರೆ ಒಂದು ಪಾದ ಇನ್ನೊಂದನ್ನು ಉಜ್ಜುತ್ತಿತ್ತು. ನಾನು ಸುಮ್ಮನೆ ಮಾತು ಬೆಳೆಸುತ್ತಿದ್ದೇನೆ ಎಂದು ಅರ್ಥ. ಕೂಡಲೇ ದಾರಿ ಬದಲಿಸುತ್ತಿದ್ದೆ. ಕಥೆ ಅವರನ್ನು ಹಿಡಿದಾಗ ಬೆರಳುಗಳು ಅಲ್ಲಾಡದೆ ಹಾಗೇ ನಿಂತುಬಿಡುತ್ತಿದ್ದವು. ನನ್ನ ಇಷ್ಟು ವರ್ಷದ ಕೆಲಸದಲ್ಲಿ ಯಾರಾದರೂ ಕೇಳುತ್ತಿದ್ದಾರೆಯೇ ಎಂದು ನಾನು ಅಷ್ಟು ಹತ್ತಿರದಿಂದ ನೋಡಿದವಳಲ್ಲ.

ಅಕ್ಕತಂಗಿಯರ ನಡುವೆ ಎಷ್ಟೋ ವರ್ಷದಿಂದ ಮಾತಿಲ್ಲ ಎಂದು ನಾನು ಹೇಳಿದ್ದೆ. ಅತ್ತೆ ಒಂದು ದಿನ, "ಅಕ್ಕತಂಗಿ ಇಷ್ಟ್ ವರ್ಷ ಮಾತ್ ಬಿಟ್ಟದ್ದ್ ಎಂತಕ್ಕೆ?" ಎಂದು ಕೇಳಿದರು. ತಂಗಿ ತನಗೆ ಮಗುವಾದಾಗ ತೊಟ್ಟಿಲು ಕಳಿಸು ಎಂದು ಅಕ್ಕನಿಗೆ ಹೇಳಿ ಕಳಿಸಿದ್ದಳು, ವಾರಿಜ ಕೊಡಲಿಲ್ಲ, ತಂಗಿ ತನ್ನ ಮಕ್ಕಳನ್ನು ಸೀರೆಯ ಜೋಲಿಯಲ್ಲೇ ತೂಗಿ ಬೆಳೆಸಿದಳು ಎಂದೆ. ಯಾಕೆ ಕೊಡಲಿಲ್ಲ ಎಂಬುದನ್ನು ನಾನು ಯೋಚಿಸಿರಲಿಲ್ಲ. ಜಿಪುಣತನ ಎನ್ನಲೇ, ಗಂಡ ಬೇಡವೆಂದ ಎನ್ನಲೇ ಎಂದು ಲೆಕ್ಕ ಹಾಕುತ್ತಿದ್ದೆ.

ಅತ್ತೆ ದಿಂಬಿನೊಳಗಿನಿಂದಲೇ ಹೇಳಿದರು. "ಕೊಡುಕ್ ಮನ್ಸ್ ಬಪ್ಪುದಿಲ್ಲೆ ಮಗಾ. ಕೊಟ್ರೆ ಆಯ್ತಲೆ ಮತ್ತೆ. ನಂಗಿನ್ ಮಕ್ಳಾತಿಲ್ಲೆ ಅಂತೇಳಿ ತಾನೇ ಒಪ್ಕಂಡಾಂಗ್ ಅಲ್ದಾ ಅದ್?"

ನನ್ನ ಲೆಕ್ಕಾಚಾರ ಅಲ್ಲಿಗೇ ನಿಂತಿತು. ಊರಿನ ಎಷ್ಟು ಬಾಣಂತಿಯರಿಗೆ ರವಿಕೆ, ಎಷ್ಟು ಶಿಶುಗಳಿಗೆ ಅಂಗಿ ಹೊಲಿದುಕೊಟ್ಟವರು ಇವರು. ಮದುವೆಯ ಬಗ್ಗೆಯಾಗಲಿ ಮಕ್ಕಳ ಬಗ್ಗೆಯಾಗಲಿ ಇವರು ಒಂದು ಮಾತು ಆಡಿದ್ದನ್ನು ನಮ್ಮ ಮನೆಯಲ್ಲಿ ಯಾರೂ ಕೇಳಿಲ್ಲ, ನಾವಾಗಿ ವಿಚಾರಿಸಿದ್ದೂ ಇಲ್ಲ. ಅವರ ಬೆನ್ನಿನ ಮೇಲೆ ಕೈಯಿಟ್ಟೆ. ಅವರು, "ಎಂತಕ್ಕೆ ನಿಲ್ಸ್ದೆ? ಹೇಳ್" ಎಂದರು. ಹೇಳಿದೆ. ಅಲ್ಲಿಂದ ಮುಂದೆ ವಾರಿಜ ಹೇಗೆ ನಡೆಯುತ್ತಾಳೆ, ಯಾವ ಮಾತಿಗೆ ಸುಮ್ಮನಾಗುತ್ತಾಳೆ ಎಂಬುದು ನನಗೆ ಕಣ್ಣಿಗೆ ಕಟ್ಟಿದಂತೆ ಕಾಣತೊಡಗಿತು.

ಬೆಳಿಗ್ಗೆ ಸ್ವಲ್ಪ, ಊಟದ ಮೇಲೆ ಸ್ವಲ್ಪ, ದೀಪ ಹಚ್ಚಿದ ಮೇಲೆ ಸ್ವಲ್ಪ ಎಂದು ಕಥೆ ನಡೆಯುತ್ತಿತ್ತು. ಕಣ್ಣಿಗೆ ಹನಿ ಹಾಕಿಸಿಕೊಳ್ಳುವಾಗ, "ಬೇಗ ಹಾಕ್, ಅದ್ ಬಸ್ಸಿಳ್ದ್ ನಿಂತಿತ್ತ್" ಎಂದು ನನ್ನನ್ನೇ ಅವಸರ ಮಾಡುತ್ತಿದ್ದರು. ತಲೆ ಎತ್ತುತ್ತೇನೆ ಎಂಬ ಮಾತು ಮತ್ತೆ ಬರಲಿಲ್ಲ. ತಂಗಿಯ ಮಗಳು ಹೆತ್ತು ತವರಿಗೆ ಬಂದಿದ್ದಾಳೆ. ಯಾರೂ ಕರೆಯದೆ ಇದ್ದರೂ ಸುದ್ದಿ ಕೇಳಿ ವಾರಿಜ ತೊಟ್ಟಿಲು ಹೊತ್ತು ಬಂದಿದ್ದಾಳೆ. ತಂಗಿಯ ಮನೆಯ ಗೇಟಿನವರೆಗೂ ಬಂದಳು. ಒಳಗಿನಿಂದ ಮಗು ಅಳುವುದು ಕೇಳಿಸುತ್ತಿದೆ. ಗೇಟಿಗೆ ಕೈಯಿಟ್ಟವಳಿಗೆ ತೆಗೆಯಲು ಧೈರ್ಯ ಬರುತ್ತಿಲ್ಲ.

ಅಲ್ಲಿಗೆ ಬಂದಾಗ ತಪಾಸಣೆಯ ದಿನ ಬಂತು. ಇವರು ಕಾರು ತಂದರು. ಡಾಕ್ಟರು ಅತ್ತೆಯ ಕಣ್ಣಿಗೆ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. ನಾನು ಇವರ ತೋಳನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದೆನೆಂದರೆ ಆಮೇಲೆ ಉಗುರಿನ ಗುರುತು ಉಳಿದಿತ್ತು. ಡಾಕ್ಟರು ಕುರ್ಚಿ ಹಿಂದೆ ಸರಿಸಿ, "ಚೆನ್ನಾಗಿ ಕೂತಿದೆ. ನಿಮ್ಮತ್ತೆ ಹೇಳಿದ ಮಾತು ಕೇಳಿದ್ದಾರೆ. ಎಲ್ಲರೂ ಇಷ್ಟು ಕೇಳುವುದಿಲ್ಲ. ಇನ್ನು ತಲೆ ಎತ್ತಬಹುದು" ಎಂದರು. ಅತ್ತೆ ಮೆಲ್ಲನೆ ತಲೆ ಎತ್ತಿದರು. ಗ್ಯಾಸಿನ ಗುಳ್ಳೆ ಇನ್ನೂ ಕರಗಿರಲಿಲ್ಲ, ನೀರಿನೊಳಗಿಂದ ನೋಡಿದ ಹಾಗೆ ಕಾಣುತ್ತದೆ ಎಂದರು. ನನ್ನ ಕಡೆಗೆ ತಿರುಗಿ, "ನೀನ್ ಎಷ್ಟ್ ಬಡ್ಕಲ್ ಆಯಿದೆ ಮಗಾ" ಎಂದರು. ನನಗೆ ಅಳು ತಡೆಯಲಾಗಲಿಲ್ಲ.

ಹಿಂದಿರುಗುವಾಗ ಕಾರು ಮರವಂತೆ ದಾಟಿದ ಮೇಲೆ ಅತ್ತೆ ಮುಂದಿನ ಸೀಟಿನಲ್ಲಿದ್ದ ನನ್ನ ಗಂಡನ ಹೆಗಲು ತಟ್ಟಿದರು.

"ಹ್ವಾಯ್, ಉಪ್ಪುಂದದಲ್ ಒಂಚೂರ್ ನಿಲ್ಸುಕ್ ಹೇಳಿ. ಸಮುದ್ರದ್ ಬದಿಗ್ ಹೋಯಿ ಆ ವಾರಿಜನ್ ತಂಗಿ ಮನಿ ಯಾವ್ದಂತೇಳಿ ಕೇಂಬ. ಅದನ್ನ್ ಒಳ್ಗ್ ಕರ್ದ್ರೋ ಇಲ್ಯೋ ನಂಗ್ ಕಾಣ್ಕ್. ಕರೀಲಿಲ್ಲೆ ಅಂದ್ರೆ ನಮ್ಮನೆಗ್ ಕರ್ಕಂಡ್ ಹೋಪ."

ಇವರು ಏನೂ ಅರ್ಥವಾಗದೆ ಹಿಂದೆ ತಿರುಗಿ ನನ್ನ ಮುಖ ನೋಡಿದರು. ಕಥೆ ಎಂದು ಅವರಿಗೆ ಗೊತ್ತಾಗಿರಬಹುದು, ಗೊತ್ತಿದ್ದೂ ಕೇಳುತ್ತಿರಬಹುದು ಎಂದುಕೊಂಡಿದ್ದೆ. ಅವರು ಅಕ್ಷರ ಅಕ್ಷರ ನಂಬಿದ್ದರು. ಹೇಳದೆ ಗತಿಯಿರಲಿಲ್ಲ.

"ಅತ್ತೆ, ಆ ಹೆಂಗ್ಸ್ ಸ್ಟೇಷನಲ್ ಇಳ್ದದ್ದ್ ಸತ್ಯ. ತೊಟ್ಲೂ ಸತ್ಯ. ಉಳ್ದದ್ದೆಲ್ಲ ನಾನ್ ಕಟ್ಟಿದ್ದ್. ನೀವ್ ಮಂಡೆ ಎತ್ತದಿದ್ರೆ ಸಾಕ್ ಅಂತೇಳಿ."

ಅತ್ತೆ ಕಿಟಕಿಯ ಕಡೆ ಮುಖ ತಿರುಗಿಸಿದರು. ಆಮೇಲೆ ಸಣ್ಣ ಸ್ವರದಲ್ಲಿ, "ಹಂಗಾರೆ ವಾರಿಜ ಅಂದ್ರೆ ಯಾರೂ ಇಲ್ಯಾ?" ಎಂದು ಕೇಳಿದರು.

"ಇಲ್ಲೆ ಅತ್ತೆ."

ಅವರ ಕಣ್ಣಿನಿಂದ ನೀರು ಇಳಿಯಿತು. ಉಜ್ಜಬೇಡಿ ಎಂದು ಡಾಕ್ಟರು ಹೇಳಿದ್ದನ್ನು ನಾನು ನೆನಪಿಸುವ ಮೊದಲೇ ಅವರು ಸೆರಗನ್ನು ಕೆನ್ನೆಗೆ ಮಾತ್ರ ಒತ್ತಿಕೊಂಡರು. ಮನೆ ಬರುವವರೆಗೂ ನನ್ನ ಹತ್ತಿರ ಒಂದು ಮಾತು ಆಡಲಿಲ್ಲ. ಅವರನ್ನು ಲಲಿತಕ್ಕನಿಗೆ ಒಪ್ಪಿಸಿ ನಾವು ಬ್ರಹ್ಮಾವರಕ್ಕೆ ಹೊರಟಾಗ, "ಹೋಯ್ಬನ್ನಿ" ಎಂದದ್ದೂ ಇವರಿಗೇ ಹೊರತು ನನಗಲ್ಲ.

ಮನೆಗೆ ಬಂದ ಮೇಲೆ ನನಗೆ ಯಾವ ಕೆಲಸದಲ್ಲೂ ಮನಸ್ಸು ನಿಲ್ಲಲಿಲ್ಲ. ಮುಗ್ಧ ಜೀವಕ್ಕೆ ಮೋಸ ಮಾಡಿದೆನಲ್ಲ ಎಂಬ ಸಂಕಟ ಒಂದು ಕಡೆ. ಇನ್ನೊಂದು ಕಡೆ, ಹೇಳಲು ಸಂಕೋಚವಾಗುತ್ತದೆ, ಒಂದು ಸಣ್ಣ ಬೆರಗು. ನಾನು ಕಟ್ಟಿದ ಒಬ್ಬಳು ಇಲ್ಲವೆಂದು ಗೊತ್ತಾದಾಗ ಒಬ್ಬರು ಅತ್ತರಲ್ಲ! ದಿನಾ ಲಲಿತಕ್ಕನಿಗೆ ಫೋನು ಮಾಡಿ ಕಣ್ಣು ಹೇಗಿದೆ ಎಂದು ಕೇಳುತ್ತಿದ್ದೆ. ಅತ್ತೆ ಫೋನಿಗೆ ಬರುತ್ತಿರಲಿಲ್ಲ.

ಒಂದು ದಿನ ಬೆಳಿಗ್ಗೆ ನಾನು ನೀರ್‌ದೋಸೆ ಹುಯ್ಯುತ್ತಿದ್ದಾಗ ಅವರೇ ಮಾಡಿದರು. ಪೀಠಿಕೆಯಿಲ್ಲ, ಏನಿಲ್ಲ.

"ಸುಮಾ, ಅದ್ ಇನ್ನೂ ಅಲ್ಲೇ ನಿಂತಿತ್ತಲ್ದಾ?"

"ಯಾರ್ ಅತ್ತೆ?"

"ಯಾರ್ ಅಂದ್ರೆ! ವಾರಿಜ. ತಂಗಿ ಮನಿ ಗೇಟಿನ್ ಹತ್ರ ನಿಲ್ಸಿ ನೀನ್ ಬ್ರಹ್ಮಾವರಕ್ಕ್ ಹೋಯಿ ಕೂಕಂಡಿದ್ದೆ. ಅಷ್ಟ್ ಭಾರದ್ ತೊಟ್ಲ್ ಹಿಡ್ಕಂಡ್ ಅದ್ ಎಷ್ಟ್ ದಿನ ನಿಲ್ತ್? ಒಳ್ಗ್ ಕರಿ ಮಗಾ."

"ನಿಮ್ಗ್ ನನ್ನ್ ಮೇಲ್ ಸಿಟ್ಟಿಲ್ಯಾ?"

"ಸಿಟ್ಟಿತ್ತ್. ಅದ್ ಬೇರೆ, ಇದ್ ಬೇರೆ. ಮೊದ್ಲ್ ಅದನ್ನ್ ಒಳ್ಗ್ ಕರಿ."

ಕಾವಲಿಯ ಮೇಲಿನ ದೋಸೆ ಕರಟಿ ಹೋಯಿತು. ನಾನು ಸ್ಟೌ ಆರಿಸಿ ಅಡಿಗೆಮನೆಯ ನೆಲದಲ್ಲೇ ಕುಳಿತು ಉಳಿದ ಕಥೆ ಹೇಳಿದೆ. ತಂಗಿ ಬಾಗಿಲಿಗೆ ಬಂದಳು. ಅಕ್ಕನನ್ನು ನೋಡಿದಳು. ಬಾ ಎನ್ನಲಿಲ್ಲ, ಬರಬೇಡ ಎನ್ನಲಿಲ್ಲ. ಅಂಗಳಕ್ಕಿಳಿದು ಬಂದು ಗೇಟು ತೆಗೆದಳು, ತೊಟ್ಟಿಲಿನ ಇನ್ನೊಂದು ತುದಿಗೆ ಕೈ ಹಾಕಿದಳು. ಇಬ್ಬರೂ ಎರಡು ಕಡೆ ಹಿಡಿದು, ಮಾತಿಲ್ಲದೆ, ಹೊಸಿಲಿಗೆ ತಾಗದ ಹಾಗೆ ಓರೆ ಮಾಡಿ ಒಳಗೆ ತಂದರು. ಆ ಕಡೆಯಿಂದ ಅತ್ತೆ, "ಹಾಂ. ಈಗ್ಳ್ ಸಮ ಆಯ್ತ್" ಎಂದು ಇಟ್ಟುಬಿಟ್ಟರು.

ಅದೇ ದಿನ ನಾನು ಬರೆಯಲು ಕುಳಿತೆ. ಶಾಲೆಯವರಿಗೆ ಫೋನು ಮಾಡಿ ಬರಲಾಗುವುದಿಲ್ಲ, ಕ್ಷಮಿಸಿ ಎಂದೆ. ಇವರು ಏನೂ ಕೇಳಲಿಲ್ಲ. ಮಧ್ಯಾಹ್ನದ ಅಡಿಗೆಗೆ ತಾವೇ ಅಕ್ಕಿ ತೊಳೆದಿಟ್ಟರು, ಅಷ್ಟೇ. ಮಳೆಗಾಲ ಶುರುವಾಗುವ ಹೊತ್ತಿಗೆ ಹೊಸ ಚಿತ್ರಕಥೆ ಮುಗಿಯಿತು. ಅದೇ ನಿರ್ದೇಶಕರಿಗೆ ಅದೇ ಹೋಟೆಲಿನಲ್ಲಿ ಹೇಳಿದೆ. ಮುಗಿದ ಮೇಲೆ ಅವರು ಕಥೆಯ ಬಗ್ಗೆ ಒಂದು ಮಾತೂ ಆಡದೆ, ತಮ್ಮ ದೊಡ್ಡಮ್ಮನ ವಿಷಯ ಹೇಳತೊಡಗಿದರು. ಹೊರಡುವಾಗ, ಇದನ್ನು ನಾನು ಮಾಡುತ್ತೇನೆ, ಸ್ವಲ್ಪ ಸಮಯ ಕೊಡಿ ಎಂದರು. ಸಿನಿಮಾ ಇನ್ನೂ ಆಗಿಲ್ಲ. ಆಗುತ್ತದೋ ಇಲ್ಲವೋ, ಅದು ನನ್ನ ಕೈಯಲ್ಲಿಲ್ಲ. ಧಾರಾವಾಹಿಯ ಕೆಲಸ ಈಗಲೂ ಮಾಡುತ್ತೇನೆ. ಆದರೆ ಈಗ ಅಳಬೇಕಾದವಳು ಯಾಕೆ ಅಳುತ್ತಾಳೆ, ಬೆಳಿಗ್ಗೆ ಏನಾದರೂ ತಿಂದಿದ್ದಾಳೆಯೇ ಎಂದು ಒಮ್ಮೆ ಯೋಚಿಸದೆ ಬರೆಯಲಾಗುವುದಿಲ್ಲ. ಸ್ಟೇಷನ್ನಿನಲ್ಲಿ ಇಳಿದ ಆ ನಿಜವಾದ ಹೆಂಗಸು ಯಾರು, ತೊಟ್ಟಿಲು ಯಾರ ಮನೆಗೆ ಹೋಯಿತು ಎಂಬುದು ಇಂದಿಗೂ ನನಗೆ ಗೊತ್ತಿಲ್ಲ. ಅವರ ಮಡಿಲಲ್ಲಿ ಒಂದು ಮಗು ಆಡುತ್ತಿರಲಿ ಎಂದು ಮಾತ್ರ ಆಗಾಗ ಅನ್ನಿಸುತ್ತದೆ.

ಬರೆದದ್ದನ್ನು ಪೂರ್ತಿಯಾಗಿ ಅತ್ತೆಗೆ ಓದಿ ಹೇಳಲು ಆ ಮಳೆಗಾಲದಲ್ಲೇ ಒಂದು ದಿನ ಬೈಂದೂರಿಗೆ ಹೋದೆ. ಕಣ್ಣು ಬಹುಮಟ್ಟಿಗೆ ಸರಿಯಾಗಿ ಅತ್ತೆ ಅಂಗಡಿ ತೆರೆದಿದ್ದರು. ಕುಸುರಿಯ ಸಣ್ಣ ಕೆಲಸವನ್ನು ಬಿಟ್ಟಿದ್ದರು, ನೇರ ಹೊಲಿಗೆ ಮಾತ್ರ ಮಾಡುತ್ತಿದ್ದರು. ನಾನು ಸ್ಟೂಲಿನ ಮೇಲೆ ಕುಳಿತು ಓದುತ್ತ ಹೋದೆ. ಅವರು ಮೆಷಿನ್ ತುಳಿಯುತ್ತ ಕೇಳುತ್ತ ಹೋದರು. ನಡುವೆ ರವಿಕೆ ಕೊಂಡುಹೋಗಲು ಬಂದ ಒಬ್ಬ ಹೆಂಗಸು ಬಾಗಿಲಲ್ಲೇ ನಿಂತರು. ಹೊರಗೆ ಮಳೆ, ಅವರೂ ಹೋಗಲಿಲ್ಲ, ಕೊಡೆ ಮಡಚಿ ಕೇಳುತ್ತ ನಿಂತರು. ಅಕ್ಕತಂಗಿಯರು ತೊಟ್ಟಿಲು ಎತ್ತುವಲ್ಲಿಗೆ ಬರುವಾಗ ಮೆಷಿನ್ನಿನ ಸದ್ದು ನಿಂತಿತ್ತು.

ನಾನು ಓದಿ ಮುಗಿಸಿದ ಮೇಲೆ ಆ ಹೆಂಗಸು ಕಣ್ಣು ಒರೆಸಿಕೊಂಡು ಅತ್ತೆಯನ್ನು ಕೇಳಿದರು. "ಪಾಪ, ಯಾರ್ ಮನಿ ಹೆಂಗ್ಸ್ ಗಿರಿಜಕ್ಕ ಅದ್? ಉಪ್ಪುಂದದ್ದಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಮೆಷಿನ್ನಿನ ಚಕ್ರಕ್ಕೆ ಕೈಯಿಡುತ್ತ, ಎಷ್ಟೋ ಕಾಲದಿಂದ ಗೊತ್ತಿರುವವರ ಬಗ್ಗೆ ಹೇಳುವ ಹಾಗೆ ಹೇಳಿದರು.

"ಅದಾ? ಅದ್ ನಮ್ಮನೀದೇ."

ಆ ಮಾತು ಕೇಳಿದಾಗ ಆದ ಸಂತೋಷವನ್ನು ನನಗೆ ಈಗಲೂ ಸರಿಯಾಗಿ ಹೇಳಲು ಬರುವುದಿಲ್ಲ. ಆ ದಿನ ಮಳೆಯಲ್ಲೇ ಬಸ್‌ಸ್ಟ್ಯಾಂಡಿನವರೆಗೆ ನಡೆದುಕೊಂಡು ಹೋದೆ. ಕೊಡೆ ಅತ್ತೆಯ ಅಂಗಡಿಯಲ್ಲೇ ಬಿಟ್ಟಿದ್ದೇನೆ ಎಂದು ನೆನಪಾದದ್ದು ಬಸ್ಸು ಕುಂದಾಪುರ ತಲುಪಿದ ಮೇಲೆ.